ಯಾರಿಗೂ ಸೇರದ ಅರ್ಧ ಗಂಟೆ

"ಆ ಬಾಟ್ಲಿ ಮುಟ್ಟಬೇಡಿ."

ಟೈಲರಮ್ಮ ಹೇಳಿದ್ದು ಮೆಲ್ಲಗೇ. ಆದರೆ ಅವಳ ಕೈಯಲ್ಲಿ ಬಟ್ಟೆ ಕತ್ತರಿಸುವ ದೊಡ್ಡ ಕತ್ತರಿ ಇತ್ತು. ಅಂಥ ಕತ್ತರಿ ಹಿಡಿದವರ ಮಾತನ್ನು ಯಾರೂ ಎರಡನೇ ಸಲ ಹೇಳಿಸಿಕೊಳ್ಳುವುದಿಲ್ಲ. ಜಿಗಣೆ ಚಾಚಿದ ಕೈಯನ್ನು ಹಿಂದಕ್ಕೆ ತೆಗೆದುಕೊಂಡಳು.

ಜಿಗಣೆ ಎಂಬುದು ಅಪ್ಪ ಅಮ್ಮ ಇಟ್ಟ ಹೆಸರಲ್ಲ. ಅಷ್ಟು ಕೆಟ್ಟ ಅಪ್ಪ ಅಮ್ಮ ಯಾರಿಗೂ ಇರುವುದಿಲ್ಲ. ವಿಮೆ ಕಂಪನಿಯಲ್ಲಿ ಸುಳ್ಳು ಕ್ಲೇಮು ಹಿಡಿಯುವ ಕೆಲಸದಲ್ಲಿದ್ದಾಗ ಜೊತೆಯವರು ಕಟ್ಟಿದ ಹೆಸರು ಅದು. ಕಚ್ಚಿದರೆ ಬಿಡುವವಳಲ್ಲ ಎಂದು. ಆ ಕೆಲಸ ಬಿಟ್ಟು ಸ್ವಂತ ಪತ್ತೇದಾರಿಕೆ ಶುರು ಮಾಡಿದ ಮೇಲೆ ಹೆಸರೇ ಅವಳನ್ನು ಕಚ್ಚಿಕೊಂಡು ಬಂದಿತ್ತು.

ಬಾಟಲಿ ಕಟಿಂಗ್ ಮೇಜಿನ ಮೇಲೆ, ಸೀಮೆಸುಣ್ಣಕ್ಕೂ ಅಳತೆ ಟೇಪಿಗೂ ನಡುವೆ ನಿಂತಿತ್ತು. ನೀಲಿ ಪ್ಲಾಸ್ಟಿಕ್ಕು, ಅರ್ಧ ಕಿತ್ತುಹೋದ ಬಾತುಕೋಳಿ ಸ್ಟಿಕ್ಕರು. ಕಂಠದವರೆಗೆ ನೀರು.

"ಇದು ಈಗ ಮಗು ಜೊತೆ ಹೋಗಬೇಕಾಗಿತ್ತು, ಅಲ್ವಾ?" ಜಿಗಣೆ ಕೇಳಿದಳು.

"ಮರೆತು ಹೋಗಿದ್ದಾಳೆ. ನನ್ನ ತಮ್ಮ ಗಾಡಿ ಹತ್ತು ಹತ್ತು ಅಂತ ಅವಸರ ಮಾಡಿಬಿಟ್ಟ. ಫೋನ್ ಮಾಡಿದ್ರೆ ಎತ್ತಲ್ಲ, ಓಡಿಸ್ತಾ ಇರ್ತಾನೆ. ನೀವು ಹೊರಡಿ ಮೇಡಂ. ಎದುರು ಕಡೆ ವಕೀಲರ ಮನುಷ್ಯರ ಜೊತೆ ನನಗೇನೂ ಮಾತಿಲ್ಲ."

ಎದುರು ಕಡೆ ಎಂದರೆ ಮಗುವಿನ ಅಪ್ಪ, ಲಿಫ್ಟ್ ಮೆಕ್ಯಾನಿಕ್. ಅವನ ಮನೆಯಲ್ಲಿ ಶನಿವಾರ ಭಾನುವಾರ ಕಳೆದು ಬರುವ ಏಳು ವರ್ಷದ ಹುಡುಗಿ ಮೇಲಿಂದ ಮೇಲೆ ತೂಕಡಿಸುತ್ತ ಬಂದಿದ್ದಳು. ಕೊನೆಗೊಂದು ಭಾನುವಾರ ಡಾಕ್ಟರು ಪರೀಕ್ಷೆ ಮಾಡಿಸಿದರೆ ರಕ್ತದಲ್ಲಿ ನಿದ್ದೆ ಬರಿಸುವ ಸಿರಪ್ಪು ಸಿಕ್ಕಿತ್ತು. ರಾತ್ರಿ ಕೆಟ್ಟ ಲಿಫ್ಟಿನ ಕರೆ ಬಂದರೆ ಹೋಗಲು ಅನುಕೂಲವಾಗಲಿ ಎಂದು ಮಗುವಿಗೆ ಔಷಧಿ ಕುಡಿಸಿ ಮಲಗಿಸುತ್ತಾನೆ ಎಂಬುದು ಟೈಲರಮ್ಮನ ಆರೋಪ. ಸೋಮವಾರ ನ್ಯಾಯಾಧೀಶರು ಅದನ್ನು ನಂಬಿದರೆ ಅಪ್ಪನಿಗೆ ಮಗಳು ಇನ್ನು ಫೋಟೋದಲ್ಲಿ ಮಾತ್ರ.

"ಕೇಳಮ್ಮ. ಈ ನೀರು ನನಗೆ ಕೊಡಿ. ನಿಮ್ಮೆದುರೇ ಸೀಲ್ ಮಾಡಿ ಲ್ಯಾಬಿಗೆ ಕಳಿಸ್ತೀನಿ. ಅಷ್ಟೇ ಸಾಕು ನನಗೆ."

"ಯಾಕೆ?"

"ಯಾಕಂದ್ರೆ ನಿಮ್ಮ ಗಂಡನ ಕೈಗೆ ಸಿಗದೆ ಇರೋ ಬಾಟ್ಲಿ ಇದೊಂದೇ."

"ಗಂಡ ಅನ್ನಬೇಡಿ."

"ಮಗುವಿನ ಅಪ್ಪ."

ಆ ಸಂಬಂಧವನ್ನು ಯಾವ ಕೋರ್ಟೂ ರದ್ದು ಮಾಡುವುದಿಲ್ಲವಾದ್ದರಿಂದ ಟೈಲರಮ್ಮ ತಕರಾರು ತೆಗೆಯಲಿಲ್ಲ.

ಅವತ್ತು ಬೆಳಿಗ್ಗೆ ಜಿಗಣೆ ಮೆಕ್ಯಾನಿಕ್ಕನನ್ನು ಅವನ ಕೆಲಸದ ಜಾಗದಲ್ಲೇ ಹಿಡಿದಿದ್ದಳು. ಒಂದು ಆಫೀಸು ಕಟ್ಟಡದಲ್ಲಿ ಎರಡು ಮಹಡಿಗಳ ನಡುವೆ ನಿಲ್ಲಿಸಿದ ಲಿಫ್ಟಿನ ನೆತ್ತಿಯ ಮೇಲೆ ಕುಳಿತು ಅವನು ತಂತಿಹಗ್ಗಕ್ಕೆ ಗ್ರೀಸ್ ಹಚ್ಚುತ್ತಿದ್ದ. ಅವಳು ಬಾಗಿಲ ಸಂದಿಯಲ್ಲಿ ಬಗ್ಗಿ ಪ್ರಶ್ನೆ ಕೇಳುತ್ತಿದ್ದಳು, ಉತ್ತರ ಕತ್ತಲೊಳಗಿಂದ ಬರುತ್ತಿತ್ತು. ಶುಕ್ರವಾರ ಸಂಜೆ ಮಗು ಬಂದ ಮೇಲೆ ಏನು ಮಾಡುತ್ತೀರಿ ಎಂದದ್ದಕ್ಕೆ ಮೊದಲು ಗ್ರೀಸ್ ಡಬ್ಬಿ ಕೆಳಗಿಟ್ಟ ಸದ್ದು ಬಂತು.

"ಏನೂ ಇಲ್ಲ ಮೇಡಂ. ಬಂದ ತಕ್ಷಣ ಮಲಗಿಬಿಡ್ತಾಳೆ. ಊಟಕ್ಕೆ ಎಬ್ಬಿಸಿದ್ರೂ ಏಳಲ್ಲ. ಬಹುಶಃ ನನ್ನ ಜೊತೆ ಮಾತಾಡೋಕೆ ಇಷ್ಟ ಇಲ್ವೇನೋ ಅಂದ್ಕೊಂಡು ನಾನೂ ಸುಮ್ಮನಾಗ್ತೀನಿ. ಶನಿವಾರ ಸರಿಹೋಗ್ತಾಳೆ."

"ಇದನ್ನ ವಕೀಲರಿಗೆ ಯಾಕೆ ಹೇಳಲಿಲ್ಲ?"

"ಹೇಳಿದ್ರೆ, ಮಗೂಗೇ ನೀವು ಬೇಡವಂತೆ ಅಂತ ಬರ್ಕೊಳ್ಳಲ್ವಾ?"

ಗಟ್ಟಿಮುಟ್ಟಾದ ಆಳು ಹೀಗೆ ಮಗಳ ನಿದ್ದೆಗೆ ಹೆದರಿ ಸತ್ಯವನ್ನೇ ನುಂಗಿಕೊಂಡು ಕುಳಿತಿದ್ದ. ಜಿಗಣೆಗೆ ಅವನ ಮೇಲೆ ಕನಿಕರವೂ ಬಂತು, ಕೋಪವೂ ಬಂತು. ಕೋಪ ಸ್ವಲ್ಪ ಹೆಚ್ಚೇ ಬಂತು.

ಈಗ ಅದನ್ನೆಲ್ಲ ಟೈಲರಮ್ಮನಿಗೆ ಹೇಳಿ, ಜಿಗಣೆ ಬಾಟಲಿಯತ್ತ ಬೆರಳು ತೋರಿಸಿದಳು. "ಶುಕ್ರವಾರ ನಿಮ್ಮ ಕಡೆಯಿಂದ ಹೋಗುವಾಗಲೂ ತೂಕಡಿಕೆ. ಭಾನುವಾರ ಅವರ ಕಡೆಯಿಂದ ಬರುವಾಗಲೂ ತೂಕಡಿಕೆ. ಎರಡು ಸಲವೂ ಮಗು ಜೊತೆಗಿರೋದು ಇದೊಂದೇ. ಆ ಮನೆಯಲ್ಲಿ ಇದನ್ನ ಯಾರೂ ಮುಟ್ಟಲ್ಲ, ಅದು ನಿಮಗೇ ಗೊತ್ತು."

ಗೊತ್ತಿತ್ತು. ಗಂಡ ಹೆಂಡತಿ ಎಣ್ಣೆ ಸೀಗೆಕಾಯಿಯಾದ ಮೇಲೆ ಇಬ್ಬರೂ ಒಪ್ಪಿಕೊಂಡ ಏಕೈಕ ಮಾತು ಅದು: ಈ ಮನೆಯ ಸಾಮಾನು ಆ ಮನೆಯಲ್ಲಿ ಬಳಸುವಂತಿಲ್ಲ, ಆ ಮನೆಯದು ಈ ಮನೆಯಲ್ಲಿ ಬಳಸುವಂತಿಲ್ಲ. ಮಗುವಿಗೆ ಎರಡು ಹಾಸಿಗೆ, ಎರಡು ಹಲ್ಲುಜ್ಜುವ ಬ್ರಷ್ಷು, ಎರಡು ಚಪ್ಪಲಿ. ಬಂದ ಬ್ಯಾಗು ಬಂದ ಹಾಗೇ ಬಾಗಿಲ ಹಿಂದಿನ ಮೊಳೆಗೆ ನೇತುಬಿದ್ದು, ಭಾನುವಾರ ಹಾಗೇ ಹಿಂದಿರುಗುತ್ತಿತ್ತು. ಬಾಟಲಿಯಲ್ಲಿ ಶುಕ್ರವಾರ ಉಳಿದ ನೀರು ಭಾನುವಾರದವರೆಗೂ ಅದರಲ್ಲೇ ಇರುತ್ತಿತ್ತು.

ಕುಡಿಯುತ್ತಿದ್ದುದು ಎಲ್ಲಿ? ನಡುವಿನ ಅರ್ಧ ಗಂಟೆಯಲ್ಲಿ.

ಆ ಅರ್ಧ ಗಂಟೆ ನ್ಯಾಯಾಧೀಶರ ಸೃಷ್ಟಿ. ಇವರಿಬ್ಬರ ಕಣ್ಣಿಗೆ ಕಣ್ಣು ಬಿದ್ದರೆ ಸಾಕು, ಕೋರ್ಟಿನ ಮೆಟ್ಟಿಲ ಮೇಲೇ ರಂಪವಾಗುತ್ತಿತ್ತು. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎಂದು ಅವರು ಒಂದು ದಾರಿ ಹುಡುಕಿದರು. ಒಬ್ಬರು ಮಗುವನ್ನು ಕೋರ್ಟಿನ ಮಕ್ಕಳ ಕೋಣೆಯಲ್ಲಿ ಬಿಟ್ಟು ಹೋಗಬೇಕು. ಅರ್ಧ ಗಂಟೆ ಕಳೆದ ಮೇಲೆ ಇನ್ನೊಬ್ಬರು ಬಂದು ಕರೆದೊಯ್ಯಬೇಕು. ಆ ಅರ್ಧ ಗಂಟೆ ಮಗು ಅಪ್ಪನದೂ ಅಲ್ಲ, ಅಮ್ಮನದೂ ಅಲ್ಲ.

ಒಮ್ಮೆ ಮೆಕ್ಯಾನಿಕ್ಕು ಹೊರಗೆ ಕಾಯುತ್ತಿದ್ದಾಗ ಮಗಳ ಅಳು ಕೇಳಿ ತಡೆಯಲಾರದೆ ಮೊದಲೇ ಬಾಗಿಲು ತಳ್ಳಿದ್ದ. ಹೆಂಡತಿ ಇನ್ನೂ ಗೇಟಿನಲ್ಲೇ ಇದ್ದಳು. ಆಮೇಲೆ ಆದದ್ದನ್ನು ಕೋರ್ಟಿನ ಜವಾನರು ಈಗಲೂ ಹೇಳಿಕೊಂಡು ನಗುತ್ತಾರೆ. ನ್ಯಾಯಾಧೀಶರು ಮಾತ್ರ ನಕ್ಕಿರಲಿಲ್ಲ. ಇನ್ನೊಂದು ಸಲ ಹೊತ್ತಿಗೆ ಮುಂಚೆ ಆ ಬಾಗಿಲು ದಾಟಿದರೆ ಮಗುವನ್ನು ಮರೆತುಬಿಡಿ ಎಂದಿದ್ದರು. ಅಂದಿನಿಂದ ಟೈಲರಮ್ಮ ತಾನು ಹೋಗದೆ ತಮ್ಮನ ಕೈಯಲ್ಲಿ ಮಗುವನ್ನು ಕಳಿಸುತ್ತಿದ್ದಳು. ಇವತ್ತು ಏನೇ ಕೇಳಿಸಿದರೂ ಗೇಟಿನಿಂದ ಕದಲಬೇಡಿ ಎಂದು ಜಿಗಣೆಯೂ ಬೆಳಿಗ್ಗೆ ಮೆಕ್ಯಾನಿಕ್ಕನಿಗೆ ತಾಕೀತು ಮಾಡಿದ್ದಳು.

ಕಳೆದ ವಾರ ಜಿಗಣೆ ಆ ಕೋಣೆಯನ್ನೂ ನೋಡಿ ಬಂದಿದ್ದಳು. ಗೋಡೆಗೆ ಹಳದಿ ಬಣ್ಣ, ಮೂಲೆಯಲ್ಲಿ ಮರದ ಕುದುರೆ, ಮೇಲೊಂದು ಕ್ಯಾಮೆರಾ. ಅಲ್ಲಿನ ಆಯಾಳನ್ನು ಮಕ್ಕಳೆಲ್ಲ ದೊಡ್ಡಮ್ಮ ಎನ್ನುತ್ತಿದ್ದರು. ಹಗುರ ಹೆಜ್ಜೆಯ, ಬೆಣ್ಣೆಯಂಥ ಮಾತಿನ ಹೆಂಗಸು. ಅಪ್ಪ ಅಮ್ಮ ಹರಿದು ಹಂಚಿಕೊಂಡ ಎಷ್ಟೋ ಮಕ್ಕಳು ಅಲ್ಲಿ ಚಾಪೆಯ ಮೇಲೆ ಮಲಗಿದ್ದರೂ ಒಂದು ಸದ್ದಿಲ್ಲ. ಎಂಥ ಕೈಗುಣ ಎಂದು ಜಿಗಣೆಯೂ ಮೆಚ್ಚಿಕೊಂಡಿದ್ದಳು. ಕ್ಯಾಮೆರಾದ ಚಿತ್ರಗಳನ್ನೆಲ್ಲ ಕೂತು ನೋಡಿದ್ದಳು. ದೊಡ್ಡಮ್ಮ ಈ ಹುಡುಗಿಗೆ ಏನೂ ಕೊಟ್ಟಿರಲಿಲ್ಲ. ಹುಡುಗಿ ತನ್ನ ಬಾಟಲಿಯಿಂದ ತಾನೇ ಕುಡಿದಿದ್ದಳು.

"ಅಂದ್ರೆ ಏನು ಹೇಳ್ತಾ ಇದೀರಿ?" ಟೈಲರಮ್ಮನ ದನಿ ಏರಿತು. "ಹೆತ್ತ ಮಗೂಗೆ ನಾನೇ ಔಷಧಿ ಹಾಕಿ ಕುಡಿಸ್ತೀನಾ?"

"ನೀವು ಅಂತ ನಾನು ಹೇಳಲಿಲ್ಲ."

"ಮತ್ತೆ ಈ ಮನೇಲಿ ಇನ್ಯಾರಿದ್ದಾರೆ?"

"ನಿಮ್ಮ ತಮ್ಮ."

ಕತ್ತರಿ ಮೇಜಿನ ಮೇಲೆ ಠಣ್ಣೆಂದು ಬಿತ್ತು. ಒಳಗಿನ ಕೋಣೆಯಲ್ಲಿ ಗುಂಡಿಗೆ ಕಾಜಾ ಹಾಕುತ್ತಿದ್ದ ಹೆಂಗಸು ಒಮ್ಮೆ ಇಣುಕಿ, ತನಗೆ ಸಂಬಂಧವಿಲ್ಲದ್ದು ಎಂದು ತಲೆ ಒಳಗೆಳೆದುಕೊಂಡಳು.

"ಅವರು ಬೇರೆ ಊರಲ್ಲಿ ದೊಡ್ಡ ಅಂಗಡಿ ಹಿಡಿದಿದ್ದಾರೆ," ಜಿಗಣೆ ಮುಂದುವರಿಸಿದಳು. "ಹೊಲಿಯೋಕೆ ನೀವು ಬೇಕು. ಆದರೆ ಅಪ್ಪನಿಗೆ ಮಗೂನ ನೋಡೋ ಹಕ್ಕು ಇರೋ ತನಕ ನೀವು ಈ ಊರು ಬಿಡೋ ಹಾಗಿಲ್ಲ, ಕೋರ್ಟಿನ ಅಪ್ಪಣೆ. ಅಪ್ಪನ ಹಕ್ಕು ಹೋದರೆ ಮಾರನೇ ದಿನವೇ ಗಂಟುಮೂಟೆ ಕಟ್ಟಬಹುದು."

"ನನ್ನ ತಮ್ಮ ಆ ಮಗೂನ ಹೆಗಲ ಮೇಲೆ ಹೊತ್ಕೊಂಡು ಬೆಳೆಸಿದ್ದಾನೆ. ಬಾಯಿಗೆ ಬಂದ ಹಾಗೆ ಮಾತಾಡಬೇಡಿ."

"ಹಾಗಾದ್ರೆ ನೀರು ಕೊಡಿ. ಲ್ಯಾಬಿನವರು ಮಾತಾಡ್ಲಿ."

"ಕೊಡ್ತೀನಿ, ನೀವು ದಾರೀಲಿ ಅದಕ್ಕೊಂದು ಚೂರು ಏನೋ ಬೆರೆಸ್ತೀರಿ, ಸೋಮವಾರ ನಾನು ಕಟಕಟೆಯಲ್ಲಿ ನಿಂತ್ಕೋತೀನಿ. ಬಟ್ಟೆ ಹೊಲೀತೀನಿ ನಿಜ, ಕಿವಿ ಮೇಲೆ ಹೂ ಇಟ್ಕೊಂಡಿಲ್ಲ."

ಅದು ನ್ಯಾಯವಾದ ಮಾತೇ. ಜಿಗಣೆ ಅವಳ ಜಾಗದಲ್ಲಿದ್ದರೂ ಅದನ್ನೇ ಹೇಳುತ್ತಿದ್ದಳು. ಸೀಲಿಗೆ ಇಬ್ಬರೂ ಸಹಿ ಹಾಕೋಣ, ಜೊತೆಗೆ ನೀವೂ ಬನ್ನಿ ಎನ್ನಲು ಅವಳು ಬಾಯಿ ತೆರೆಯುವಷ್ಟರಲ್ಲಿ ಟೈಲರಮ್ಮ ಬಾಟಲಿಯ ಮುಚ್ಚಳ ತಿರುಗಿಸಿದ್ದಳು.

"ಇದರಲ್ಲಿ ವಿಷ ಇದೆ ಅಲ್ವಾ? ನೋಡಿ."

"ಬೇಡಮ್ಮಾ!"

ಗಟಗಟನೆ ಕುಡಿದಳು. ಬಾಯಿಯ ಅಂಚಿನಿಂದ ಸುರಿದದ್ದನ್ನು ಸೆರಗಿನಲ್ಲಿ ಒರೆಸಿಕೊಂಡು, ತಳದಲ್ಲಿ ಒಂದು ಗುಟುಕು ಉಳಿದ ಬಾಟಲಿಯನ್ನು ಜಿಗಣೆಯ ಮುಂದೆ ಕುಕ್ಕಿದಳು. "ತಗೊಂಡು ಹೋಗಿ ಈಗ."

ಕೇಸಿನ ಒಂದೇ ಒಂದು ಸಾಕ್ಷಿ ಹೀಗೆ ಎದುರುಕಕ್ಷಿಯ ಹೊಟ್ಟೆ ಸೇರಿತು. ಇಷ್ಟು ವರ್ಷದ ಅನುಭವದಲ್ಲಿ ಜಿಗಣೆ ಸಾಕ್ಷಿಯನ್ನು ಸುಟ್ಟವರನ್ನು ನೋಡಿದ್ದಳು, ಹೂತವರನ್ನು ನೋಡಿದ್ದಳು, ಕುಡಿದವರನ್ನು ನೋಡಿರಲಿಲ್ಲ. ಅವಳು ಉಳಿದ ಗುಟುಕಿನ ಮೇಲೆ ಮುಚ್ಚಳ ಬಿಗಿದು, ಬಾಟಲಿಯನ್ನು ಚೀಲಕ್ಕೆ ಹಾಕಿಕೊಂಡು, ಗಿರಾಕಿಗಳ ಬೆಂಚಿನ ಮೇಲೆ ಕುಳಿತಳು.

"ಇನ್ನೂ ಯಾಕೆ ಕೂತ್ರಿ?"

"ಸ್ವಲ್ಪ ಹೊತ್ತು. ಅಭ್ಯಂತರ ಇಲ್ಲ ತಾನೇ? ಬೆಳಿಗ್ಗೆಯಿಂದ ಏನಾದ್ರೂ ತಿಂದಿದೀರಾ?"

"ಇಲ್ಲ. ಮಗು ಹೋಗೋ ದಿನ ನನಗೆ ಏನೂ ಸೇರಲ್ಲ." ಹೇಳಿಬಿಟ್ಟ ಮೇಲೆ ಎದುರು ಕಡೆಯವಳ ಮುಂದೆ ಯಾಕೆ ಹೇಳಿದೆನೋ ಎಂದು ಅವಳಿಗೆ ಅನ್ನಿಸಿರಬೇಕು. ಹಿಡಿದ ಕೋಟಿನ ಬಟ್ಟೆಯನ್ನು ಮೇಜಿನ ಮೇಲೆ ಹರಡಿ, ಸೀಮೆಸುಣ್ಣ ತೆಗೆದುಕೊಂಡು, ಕತ್ತು ಬಗ್ಗಿಸಿದಳು.

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವವರನ್ನು ಜಿಗಣೆ ದೂರದಿಂದಲೇ ಗುರುತಿಸುತ್ತಿದ್ದಳು. ಇವಳು ಹೆಗಲು ಮುಟ್ಟಿಕೊಳ್ಳಲಿಲ್ಲ. ಕುಂಬಳಕಾಯಿಯನ್ನೇ ನುಂಗಿ ತೋರಿಸಿದಳು. ಅಂದರೆ ಒಂದೋ ನೀರಿನಲ್ಲಿ ಏನೂ ಇಲ್ಲ, ಮೆಕ್ಯಾನಿಕ್ಕನ ಕಥೆ ಮುಗಿಯಿತು. ಇಲ್ಲವೇ ನೀರಿನಲ್ಲಿ ಇದೆ, ಇವಳಿಗೆ ಗೊತ್ತಿಲ್ಲ.

ಬೀದಿಯಲ್ಲಿ ಯಾರೋ ಶಟರ್ ಎಳೆದರು. ಫ್ಯಾನು ಕಿರ್ರೆನ್ನುತ್ತ ತಿರುಗುತ್ತಿತ್ತು. ಟೈಲರಮ್ಮ ತೋಳಿನ ಅಳತೆ ಗುರುತಿಸಿದಳು, ಕಂಕುಳಿನ ಬಳಸು ಗೆರೆ ಎಳೆದಳು, ಒಮ್ಮೆ ಆಕಳಿಸಿದಳು. ಬೆನ್ನಿನ ಉದ್ದ ಗೆರೆಗೆ ಬಂದಳು. ಅರ್ಧ ದಾರಿಯಲ್ಲಿ ಕೈ ನಿಂತಿತು.

ಅವಳು ಬಗ್ಗಿ ನೋಡಿದಳು. ಕಣ್ಣುಜ್ಜಿಕೊಂಡು ಮತ್ತೆ ನೋಡಿದಳು. ಬಿಳಿ ಗೆರೆ ಮಧ್ಯದಿಂದ ಓಲಾಡಿಕೊಂಡು ಬಟ್ಟೆಯ ಅಂಚಿಗೆ ಹೋಗಿ ಸೇರಿತ್ತು.

"ನನ್ನ ಗೆರೆ ಯಾವತ್ತೂ ಸೊಟ್ಟ ಹೋಗಿಲ್ಲ," ಎಂದಳು.

ಜಿಗಣೆ ಬೆಂಚಿನಿಂದ ಎದ್ದಳು.

"ಜ್ವರ ಬಂದಾಗಲೂ ಹೋಗಿಲ್ಲ. ಹೆರಿಗೆಯ ಹಿಂದಿನ ದಿನವೂ ಹೋಗಿಲ್ಲ." ಸೀಮೆಸುಣ್ಣ ಬೆರಳಿನಿಂದ ಜಾರಿ ಬಿತ್ತು. ಅವಳು ಮೇಜಿನ ಅಂಚು ಹಿಡಿದುಕೊಂಡಳು. ಮುಖದಲ್ಲಿ ಕೋಪವಿರಲಿಲ್ಲ, ಬರೀ ಭಯವಿತ್ತು. "ಮೇಡಂ, ಇದು ನನ್ನ ಮನೆಯಿಂದಲೇ ಹೋಗ್ತಾ ಇತ್ತಾ?"

"ಕೂತ್ಕೊಳ್ಳಿ ಮೊದಲು." ಜಿಗಣೆ ಅವಳನ್ನು ಹಿಡಿದು ಮೇಜಿನ ಪಕ್ಕದ ಕುರ್ಚಿಗೆ ತಂದಳು. ಕಾಜಾ ಹಾಕುತ್ತಿದ್ದ ಹೆಂಗಸನ್ನು ಕೂಗಿ, ಪಕ್ಕದ ಬೀದಿಯ ಡಾಕ್ಟರನ್ನು ಕೈಹಿಡಿದಾದರೂ ಎಳೆದುಕೊಂಡು ಬಾ ಎಂದು ಓಡಿಸಿದಳು.

ಅಷ್ಟರಲ್ಲಿ ಮೇಜಿನ ಮೇಲಿದ್ದ ಫೋನು ಗುಂಯ್‌ಗುಟ್ಟಿತು. ತಮ್ಮನ ಸಂದೇಶ: 'ಬಿಟ್ಟೆ ಅಕ್ಕ. ಮುಖ ಊದಿಸ್ಕೊಂಡು ಒಳಗೆ ಹೋದಳು.'

ಅರ್ಧ ಗಂಟೆ ಶುರುವಾಗಿತ್ತು.

"ನಿಮ್ಮ ತಮ್ಮ ಇವತ್ತು ಬಾಟ್ಲಿ ತುಂಬಿದ್ದನ್ನ ನೋಡಿದ್ರಾ?"

"ತಮ್ಮ ಅಲ್ಲ." ಟೈಲರಮ್ಮನ ನಾಲಿಗೆ ಭಾರವಾಗುತ್ತಿತ್ತು. "ಬಾಟ್ಲಿ ಅವಳು ಯಾರ ಕೈಗೂ ಕೊಡಲ್ಲ. ತೊಳೆಯೋದೂ ಅವಳೇ, ತುಂಬೋದೂ ಅವಳೇ. ಎಷ್ಟು ಜಾಣೆ ನನ್ನ ಮಗಳು ಅಂತ ನಾನು ಎಲ್ರ ಹತ್ರಾನೂ ಹೇಳ್ಕೊಂಡು ತಿರುಗ್ತಿದ್ದೆ."

ಇದು ಜಿಗಣೆಯ ಲೆಕ್ಕದಲ್ಲಿ ಇರಲಿಲ್ಲ. ಅಪ್ಪ, ಅಮ್ಮ, ಮಾಮ, ಎಲ್ಲರನ್ನೂ ಒಬ್ಬೊಬ್ಬರನ್ನಾಗಿ ಜರಡಿ ಹಿಡಿದಿದ್ದಳು. ಮಗುವನ್ನು ಹಿಡಿದಿರಲಿಲ್ಲ. ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯಿತು ಎಂದು ಕೋರ್ಟಿನ ಗೋಡೆಗಳು ಕೂಡ ಹೇಳುತ್ತವೆ; ಆ ಕೂಸಿಗೂ ಎರಡು ಕೈಯಿವೆ ಎಂಬುದು ಯಾರಿಗೂ ಹೊಳೆಯುವುದಿಲ್ಲ.

ಜಿಗಣೆ ಸ್ಪೀಕರ್ ಹಾಕಿ ಮಕ್ಕಳ ಕೋಣೆಗೆ ಫೋನ್ ಮಾಡಿದಳು.

"ಹೇಳಿ ಮೇಡಂ," ದೊಡ್ಡಮ್ಮನ ದನಿ. ಹಿಂದಿನಿಂದ ಒಂದು ಮಗು ಬಿಕ್ಕಿ ಬಿಕ್ಕಿ ಅಳುವುದು ಕೇಳುತ್ತಿತ್ತು. "ಹ್ಞೂಂ, ನಿಮ್ಮ ಹುಡುಗೀನೇ. ಇವತ್ತು ಬಹಳ ರಚ್ಚೆ. ಬಾಟ್ಲಿ ಬೇಕಂತೆ, ಮರೆತು ಬಂದಿದ್ದಾಳೆ ನೋಡಿ."

"ಒಂದು ನಿಮಿಷ ಅವಳಿಗೆ ಫೋನ್ ಕೊಡ್ತೀರಾ? ಅಮ್ಮ ಮಾತಾಡ್ತಾರಂತೆ."

ಫೋನು ಕೈ ಬದಲಾಯಿತು.

"ಅಮ್ಮಾ, ನನ್ನ ಬಾಟ್ಲಿ..."

"ನಾನು ಅಮ್ಮನ ಅಂಗಡಿಯಲ್ಲಿದ್ದೀನಿ ಪುಟ್ಟಿ. ಬಾಟ್ಲಿ ಇಲ್ಲೇ ಇದೆ. ಅಮ್ಮಂಗೆ ಬಾಯಾರಿಕೆ ಆಗಿತ್ತು, ಅದರ ನೀರು ಕುಡಿದುಬಿಟ್ರು."

ಅಳು ನಿಂತಿತು. "ಎಲ್ಲಾನಾ?"

"ಸುಮಾರು ಎಲ್ಲಾ."

"ಅಯ್ಯೋ. ಹಾಗಾದ್ರೆ ಅಮ್ಮನ್ನ ಮಲಗಿಸಿ. ಮಷೀನ್ ಹತ್ರ ಕೂರಬಾರದು, ಸೂಜಿ ಚುಚ್ಚುತ್ತೆ." ಏಳು ವರ್ಷದ ದನಿಯಲ್ಲಿ ನರ್ಸಿನ ಕಾಳಜಿ ಇತ್ತು. "ಅದು ನಿದ್ದೆ ನೀರು."

ಜಿಗಣೆ ದನಿಯನ್ನು ಹಗುರವಾಗಿಯೇ ಇಟ್ಟುಕೊಂಡಳು. "ನೀನು ಯಾಕೆ ಪುಟ್ಟಿ ನಿದ್ದೆ ನೀರು ಕುಡೀತೀಯ?"

"ಕುಡಿದ್ರೆ ಅಳು ಬರಲ್ಲ. ಕಣ್ಣು ಬಿಟ್ರೆ ಇನ್ನೊಂದು ಮನೇಲಿ ಇರ್ತೀನಿ. ಟಾಟಾ ಹೇಳೋದೇ ಬೇಡ."

ಜಿಗಣೆಯ ಕೈ ಚೀಲದೊಳಗಿನ ಬಾಟಲಿಯ ಮೇಲೆ ಹೋಯಿತು. ಇಂಥದ್ದಕ್ಕೆಲ್ಲ ಕರಗುವವಳಲ್ಲ ಎಂದು ಊರಿಗೆಲ್ಲ ಗೊತ್ತು, ಆದರೂ ಹೋಯಿತು. "ಯಾರು ಹೇಳಿಕೊಟ್ರು ಇದನ್ನ? ಮಾಮಾನಾ?"

"ಅಲ್ಲಪ್ಪ. ಮಾಮಂಗೆ ಗೊತ್ತೇ ಇಲ್ಲ. ಇಲ್ಲಿ ನಾವೆಲ್ಲಾ ತರ್ತೀವಿ. ಮನೆಯಿಂದಲೇ ಬೆರೆಸ್ಕೊಂಡು ಬರಬೇಕು, ಇಲ್ಲಿ ಬೆರೆಸಿದ್ರೆ ಕ್ಯಾಮೆರಾ ಬೈಯುತ್ತೆ. ಸಿರಪ್ ಖಾಲಿಯಾದ್ರೆ ದೊಡ್ಡಮ್ಮನೇ..."

ಮಾತು ಅಲ್ಲಿಗೇ ತುಂಡಾಯಿತು. ಫೋನಿನ ಸುತ್ತ ಒಂದು ಕೈ ಸರಿದ ಸದ್ದು, ಮತ್ತೆ ಅಳು.

ಜಿಗಣೆಗೆ ಆಗ ಆ ಹಳದಿ ಕೋಣೆ ಕಣ್ಣಿಗೆ ಕಟ್ಟಿತು. ಚಾಪೆಯ ಮೇಲೆ ಸಾಲಾಗಿ ಮಲಗಿದ್ದ ಮಕ್ಕಳು. ಒಂದು ಸದ್ದಿಲ್ಲ. ಅದನ್ನು ನೋಡಿ ತಾನು ಮೆಚ್ಚಿಕೊಂಡು ಬಂದದ್ದು. ಈಗಲೂ ಫೋನಿನಲ್ಲಿ ಈ ಒಂದು ಮಗುವಿನ ಅಳು ಬಿಟ್ಟರೆ ಬೇರೆ ಸದ್ದಿಲ್ಲ, ಶುಕ್ರವಾರ ಕೋಣೆ ತುಂಬುವ ದಿನವಾದರೂ.

"ಅಳಬೇಡ ಬಂಗಾರ," ದೂರದಿಂದ ದೊಡ್ಡಮ್ಮನ ದನಿ ಬಂತು, ಬೆಣ್ಣೆಯ ಹಾಗೇ. "ಬಾಟ್ಲಿ ಮರೆತರೆ ಏನಾಯ್ತು? ಆ ಕಡೆ ಬಾ, ಕ್ಯಾಮೆರಾ ಕಾಣದ ಕಡೆ. ಇವತ್ತು ನಾನೇ ಕುಡಿಸ್ತೀನಿ."

ಫೋನು ಕಟ್ಟಾಯಿತು. ಮತ್ತೆ ಮಾಡಿದರೆ ಯಾರೂ ಎತ್ತಲಿಲ್ಲ. ಕೋರ್ಟಿನ ಕಚೇರಿಗೆ ಮಾಡಿದಳು. ಅಲ್ಲಿ ಗಂಟೆ ಹೊಡೆದುಕೊಳ್ಳುತ್ತಲೇ ಇತ್ತು. ಇಲ್ಲಿಂದ ಆ ಕೋಣೆಗೆ ದಾರಿಯುದ್ದಕ್ಕೂ ಹಸಿರು ದೀಪ ಸಿಕ್ಕರೂ ಹೊತ್ತಾಗುತ್ತಿತ್ತು. ಅಳತೆಯಿಲ್ಲದೆ, ಗಾಬರಿಯ ಕೈಯಿಂದ ಕುಡಿಸುವ ಔಷಧಿ ಎಷ್ಟು ಎಂದು ಯಾರು ಬಲ್ಲರು?

ಹತ್ತಿರ ಇದ್ದವನು ಒಬ್ಬನೇ. ಪ್ರತಿ ಶುಕ್ರವಾರ ಹೊತ್ತಿಗೆ ಮುಂಚೆಯೇ ಬಂದು ಗೇಟಿನ ಹೊರಗೆ ಕಾಯುವವನು. ಆ ಬಾಗಿಲನ್ನು ಈಗ ದಾಟಿದರೆ ಮಗಳನ್ನೇ ಕಳೆದುಕೊಳ್ಳುವವನು.

"ಅವರಿಗೆ... ಫೋನ್ ಮಾಡಿ," ಕುರ್ಚಿಯಿಂದ ದನಿ ಬಂತು. ಟೈಲರಮ್ಮನ ಕಣ್ಣು ಅರ್ಧ ಮುಚ್ಚಿತ್ತು. ಎಲ್ಲವನ್ನೂ ಕೇಳಿಸಿಕೊಂಡಿದ್ದಳು. "ಒಳಗೆ ಹೋಗೋಕೆ ಹೇಳಿ. ನಾನು... ನಾನು ಏನೂ ಅನ್ನಲ್ಲ ಅಂತ ಹೇಳಿ."

"ಸೋಮವಾರ ಜಡ್ಜ್ ಮುಂದೆ ಈ ಮಾತು ಹೇಳ್ತೀರಾ?"

ಅವಳ ತಲೆ ಸೊಟ್ಟ ಗೆರೆಯ ಬಟ್ಟೆಯ ಮೇಲೆ ವಾಲಿತ್ತು. ಎದ್ದ ಮೇಲೆ ಈ ಮಾತು ನೆನಪಿರುತ್ತದೋ ಇಲ್ಲವೋ, ನೆನಪಿದ್ದರೂ ಒಪ್ಪಿಕೊಳ್ಳುತ್ತಾಳೋ ಇಲ್ಲವೋ. ಕೇಳಿಸಿಕೊಂಡವಳು ಜಿಗಣೆ ಒಬ್ಬಳೇ. ಅವಳು ಮೆಕ್ಯಾನಿಕ್ಕನ ವಕೀಲೆ ನೇಮಿಸಿಕೊಂಡವಳು. ಅವಳ ಸಾಕ್ಷಿಯನ್ನು ಯಾವ ನ್ಯಾಯಾಧೀಶರೂ ನಂಬುವುದಿಲ್ಲ.

ಜಿಗಣೆ ಅವನ ನಂಬರು ಒತ್ತಿದಳು. ಮೊದಲ ಗಂಟೆಗೇ ಎತ್ತಿದ.

"ಹೇಳಿ ಮೇಡಂ," ಎಂದ ಮೆಕ್ಯಾನಿಕ್ಕು. ದನಿಯಲ್ಲಿ ಖುಷಿಯಿತ್ತು. "ನಾನು ಗೇಟ್ ಹತ್ರಾನೇ ಇದ್ದೀನಿ. ಅವಳು ಅಳೋದು ಕೇಳಿಸ್ತಾ ಇತ್ತು, ಆದ್ರೂ ನಾನು ಹೆಜ್ಜೆ ಮುಂದಿಡಲಿಲ್ಲ ನೋಡಿ. ನೀವು ಹೇಳಿದ ಹಾಗೇ ನಿಂತಿದ್ದೀನಿ. ಈಗ ಅಳೂನೂ ನಿಂತುಹೋಯ್ತು."